ಒಂದು ಸಂಬಳ, ಹನ್ನೆರಡು ತಿಂಗಳು

ಕೆಲವು ವರ್ಷದ ಹಿಂದೆ, ಜೂನ್ ಮೊದಲ ವಾರ, ನನ್ನ ಎರಡು ಬಳೆ ಅಡ ಇಟ್ಟು 20,000 ರೂಪಾಯಿ ತಂದೆವು. ಮನೆಯಲ್ಲಿ ಯಾರಿಗೂ ಕಾಯಿಲೆ ಇರಲಿಲ್ಲ. ಯಜಮಾನರ ಸಂಬಳ ನಿಂತಿರಲಿಲ್ಲ. ದುಂದು ಅಂತ ಬೊಟ್ಟು ಮಾಡಿ ತೋರಿಸುವಂಥದ್ದೇನನ್ನೂ ನಾವು ಮಾಡಿರಲಿಲ್ಲ. ಇಬ್ಬರು ಮಕ್ಕಳ ಶಾಲೆ ಶುರುವಾಗಿತ್ತು, ಅಷ್ಟೆ. ಫೀಸು, ಪುಸ್ತಕ, ಯೂನಿಫಾರ್ಮ್, ಶೂ, ಹಾಸನದಲ್ಲಿ ಮಳೆ ಹಿಡಿದುಕೊಂಡಿತ್ತಾದ್ದರಿಂದ ಎರಡು ಕೊಡೆ.

ಆ ರಾತ್ರಿ ಲೆಕ್ಕದ ಪುಸ್ತಕ ತೆಗೆದು ಕೂತೆ. ಹಿಂದಿನ ಹನ್ನೊಂದು ತಿಂಗಳೂ ಜಮಾ ಖರ್ಚು ಸರಿಹೋಗಿತ್ತು. ಕೆಲವು ತಿಂಗಳು ಇನ್ನೂರು ಮುನ್ನೂರು ಉಳಿದೂ ಇತ್ತು. ಪುಸ್ತಕ ನೋಡಿದವರು ಅಚ್ಚುಕಟ್ಟಾದ ಸಂಸಾರ ಅಂತಲೇ ಹೇಳಬೇಕು. ಹಾಗಿದ್ದರೆ ಬಳೆ ಯಾಕೆ ಹೋದವು?

ಉತ್ತರ ಹೊಳೆಯಲು ಬಹಳ ದಿನ ಬೇಕಾಯಿತು. ಸಂಬಳ ತಿಂಗಳಿಗೊಮ್ಮೆ ಒಂದೇ ಸಮನಾಗಿ ಬರುತ್ತದೆ, ಖರ್ಚು ಹಾಗೆ ಬರುವುದಿಲ್ಲ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಅನ್ನುತ್ತಾರಲ್ಲ, ಆ ಮಾತಿನಲ್ಲಿ ತಪ್ಪಿಲ್ಲ. ಆದರೆ ಒಂದೇ ದುಡಿಮೆಯ ಮನೆಯಲ್ಲಿ ಹಾಸಿಗೆ ಅಷ್ಟೇ ಇದ್ದು, ಕಾಲು ಜೂನ್‌ನಲ್ಲಿ ಒಮ್ಮೆ, ದೀಪಾವಳಿ ಹೊತ್ತಿಗೆ ಒಮ್ಮೆ, ಬೇರೆಯವರ ಮದುವೆ ಸೀಸನ್ನಿನಲ್ಲಿ ಇನ್ನೊಮ್ಮೆ ಉದ್ದವಾಗುತ್ತದೆ. ಇಬ್ಬರು ದುಡಿಯುವ ಮನೆಯಲ್ಲಿ ಒಬ್ಬರ ಸಂಬಳ ಅಲ್ಲಾಡಿದರೂ ಇನ್ನೊಬ್ಬರದು ಹಿಡಿದು ನಿಲ್ಲಿಸುತ್ತದೆ. ನಮ್ಮಂಥ ಮನೆಗೆ ಆ ಆಸರೆ ಇಲ್ಲ. ಮಾರ್ಕೆಟ್ಟಿನಲ್ಲಿ ಸೊಪ್ಪಿನ ಕಟ್ಟಿಗೆ ಐದು ರೂಪಾಯಿ ಚೌಕಾಸಿ ಮಾಡಿ ಉಳಿಸಿದ್ದೆಲ್ಲ ಒಂದೇ ಜೂನ್‌ನಲ್ಲಿ ಕೊಚ್ಚಿಹೋಗುತ್ತದೆ. ಹಾಗಾಗಿ ಮಿತವ್ಯಯ ಅನ್ನುವುದು ಮೊದಲು ಕ್ಯಾಲೆಂಡರಿನ ಕೆಲಸ, ಆಮೇಲೆ ಅಡುಗೆಮನೆಯದು.

ಲೆಕ್ಕ ಹಾಕಿಯೇ ತೋರಿಸುತ್ತೇನೆ. ಕೈಗೆ ತಿಂಗಳಿಗೆ 30,000 ರೂಪಾಯಿ ಬರುವ, ಗಂಡ ಹೆಂಡತಿ ಇಬ್ಬರು ಮಕ್ಕಳ ಒಂದು ಮನೆ ಅಂದುಕೊಳ್ಳಿ. ಅಂಕಿ ನಿಮ್ಮ ಮನೆಗೆ ತಕ್ಕಂತೆ ಬದಲಾಗುತ್ತದೆ, ಲೆಕ್ಕದ ದಾರಿ ಬದಲಾಗುವುದಿಲ್ಲ. ಮೊದಲು ವರ್ಷಕ್ಕೊಮ್ಮೆಯೋ ಎರಡು ಸಲವೋ ಬರುವ ದೊಡ್ಡ ಖರ್ಚುಗಳನ್ನಷ್ಟೇ ಬರೆಯಿರಿ. ಇಬ್ಬರ ಶಾಲಾ ಫೀಸು 36,000. ಪುಸ್ತಕ, ಬಟ್ಟೆ, ಶೂ 7,000. ಗೌರಿ ಗಣೇಶನಿಂದ ಹಿಡಿದು ದೀಪಾವಳಿವರೆಗೆ ಹಬ್ಬಕ್ಕೆ 12,000. ಹಾಸನದವರಾದರೆ ಇದನ್ನು ಕಡಿಮೆ ಬರೆದುಕೊಳ್ಳಬೇಡಿ. ಹಾಸನಾಂಬೆ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ. ಆ ದಿನಗಳಲ್ಲಿ ದರ್ಶನಕ್ಕೆಂದು ಬಂದ ನೆಂಟರು ನಮ್ಮ ಮನೆಯಲ್ಲೇ ಉಣ್ಣಬೇಕು, ಉಳಿಯಬೇಕು. ಅದು ಸಂತೋಷದ ಖರ್ಚು, ಆದರೂ ಖರ್ಚೇ. ಆರೋಗ್ಯ ವಿಮೆ 14,000. ಬೈಕಿನ ವಿಮೆ, ಸರ್ವೀಸು 5,000. ಮದುವೆ, ಗೃಹಪ್ರವೇಶದ ಮುಯ್ಯಿ ಮತ್ತು ಊರಹಬ್ಬ 10,000. ಡಾಕ್ಟರು, ಔಷಧಿ, ಹಲ್ಲು, ಕನ್ನಡಕ 12,000.

ಒಟ್ಟು 96,000. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 8,000.

ಅಂದರೆ ಆ ಮನೆಯ ಸಂಬಳ 30,000 ಅಲ್ಲ, 22,000. ಮಿಕ್ಕ 8,000 ಬ್ಯಾಂಕಿಗೆ ಬಂದ ದಿನವೇ ಮುಂದೆ ಬರುವ ಯಾವುದೋ ತಿಂಗಳಿಗೆ ಸೇರಿಹೋಗಿರುತ್ತದೆ. ನಾನು ತಪ್ಪಿದ್ದು ಇಲ್ಲೇ. 30,000 ನಮ್ಮದು ಅಂತ ತಿಳಿದು, ಅದರೊಳಗೆ ತಿಂಗಳು ಮುಗಿಸಿ, ಲೆಕ್ಕ ಸರಿಹೋಯಿತು ಅಂತ ಗೆರೆ ಎಳೆಯುತ್ತಿದ್ದೆ. ಪ್ರತಿ ತಿಂಗಳೂ ಜೂನ್‌ನಿಂದ ಕಾಣದ ಸಾಲ ಮಾಡುತ್ತಿದ್ದೆ, ಜೂನ್ ಬಂದಾಗ ಅದು ಕಾಣಿಸಿತು.

22,000ದಲ್ಲಿ ಬದುಕಲು ಆಗುತ್ತದೆಯೇ? ಬಾಡಿಗೆ 7,000, ದಿನಸಿ ತರಕಾರಿ 6,500, ಹಾಲು ಮೊಸರು 1,800, ಗ್ಯಾಸು 900, ಕರೆಂಟು ನೀರು ಫೋನು 1,000, ಪೆಟ್ರೋಲು 1,800, ಕೈಖರ್ಚು 1,500, ಉಳಿತಾಯ 1,500. ಇಕ್ಕಟ್ಟಾಗಿದೆ, ಒಪ್ಪುತ್ತೇನೆ. ಆದರೆ ಆ ಇಕ್ಕಟ್ಟು ನಿಜವಾದದ್ದು. 30,000ದಲ್ಲಿ ಸಿಕ್ಕಿದ್ದ ಸಡಿಲ ನಿಜವಾದದ್ದಾಗಿರಲಿಲ್ಲ.

ಈ 8,000 ಎಲ್ಲಿ ಇಡಬೇಕು ಅನ್ನುವುದೂ ಮುಖ್ಯ. ಸಂಬಳದ ಖಾತೆಯಲ್ಲೇ ಬಿಟ್ಟರೆ ಅದು ಕರಗುತ್ತದೆ. ಕಣ್ಣಿಗೆ ಕಾಣುವ ದುಡ್ಡಿಗೆ ಕಾರಣ ತಾನಾಗಿ ಹುಟ್ಟುತ್ತದೆ. ನಾನು ಎರಡು ಭಾಗ ಮಾಡಿದೆ. ಶಾಲೆಯ ಪಾಲು 43,000, ತಿಂಗಳಿಗೆ ಸುಮಾರು 3,600. ಅದನ್ನು ಬ್ಯಾಂಕಿನಲ್ಲಿ ತಿಂಗಳು ತಿಂಗಳು ಒಂದೇ ಮೊತ್ತ ಕಟ್ಟುವ ಠೇವಣಿಗೆ, ಅಂದರೆ ಒಂದು ವರ್ಷದ ಆರ್‌ಡಿಗೆ ಹಾಕಿ, ಮೇ ತಿಂಗಳಲ್ಲಿ ಕೈಗೆ ಬರುವಂತೆ ಶುರುಮಾಡಿದೆ. ಅಂಚೆ ಕಚೇರಿಯ ಆರ್‌ಡಿ ಐದು ವರ್ಷದ್ದು, ಈ ಕೆಲಸಕ್ಕೆ ಅದು ಒಗ್ಗುವುದಿಲ್ಲ. ಉಳಿದ 4,400 ಇನ್ನೊಂದು ಉಳಿತಾಯ ಖಾತೆಗೆ. ಆ ಖಾತೆಗೆ ಯುಪಿಐ ಜೋಡಿಸಿಲ್ಲ, ಬೇಕೆಂದೇ. ದುಡ್ಡು ತೆಗೆಯಬೇಕಾದರೆ ನಾನೇ ಬ್ಯಾಂಕಿಗೆ ಹೋಗಬೇಕು. ಆ ನಡಿಗೆಯಲ್ಲಿ ಅರ್ಧ ಆಸೆಗಳು ಕಳೆದುಹೋಗುತ್ತವೆ.

ಗೃಹಲಕ್ಷ್ಮಿಯ 2,000 ರೂಪಾಯಿ ಬರುವ ಮನೆಗಳಿಗೆ ಒಂದು ಮಾತು. 2023ರ ಆಗಸ್ಟ್‌ನಲ್ಲಿ ಶುರುವಾದ ಈ ಹಣವನ್ನು ದಿನಸಿ ಲೆಕ್ಕಕ್ಕೆ ಸೇರಿಸಬೇಡಿ. ಪ್ರತಿ ತಿಂಗಳೂ ಇಂಥದೇ ತಾರೀಕಿಗೆ ಬಂದೇ ಬರುತ್ತದೆ ಅಂತ ಅಂಗಡಿಯವನಿಗೆ ಮಾತು ಕೊಡಲಾಗುವುದಿಲ್ಲ. ಎರಡನೇ ಖಾತೆಗೆ ಹಾಕಿಬಿಟ್ಟರೆ ತಡವಾಗಿ ಬಂದರೂ ಅಡುಗೆಮನೆಗೆ ಬಿಸಿ ತಟ್ಟುವುದಿಲ್ಲ. ಹನ್ನೆರಡು ಕಂತು ಬಂದರೆ 24,000. ಮೇಲಿನ ಪಟ್ಟಿಯ ಕಾಲು ಭಾಗ ಅದರಲ್ಲೇ ಹೋಗುತ್ತದೆ.

ಈಗ ಸಾಲದ ಬೆಲೆ. ಬಳೆ ಇಟ್ಟದ್ದು ಬ್ಯಾಂಕಿನಲ್ಲಿ ಅಲ್ಲ, ಪರಿಚಯದವರ ಹತ್ತಿರ, ‘ನೂರಕ್ಕೆ ಎರಡು’. ಕಿವಿಗೆ ಎರಡು ಅನ್ನುವುದು ಎಷ್ಟು ಸಣ್ಣದಾಗಿ ಕೇಳುತ್ತದೆ! ಅದು ತಿಂಗಳಿಗೆ. ವರ್ಷಕ್ಕೆ 24. ಬಿಡಿಸಿಕೊಳ್ಳಲು ಒಂಬತ್ತು ತಿಂಗಳು ಹಿಡಿಯಿತು, ಬಡ್ಡಿಯೇ 3,600 ಆಯಿತು. ಶಾಲೆಗೆಂದು ತಿಂಗಳಿಗೆ ಎತ್ತಿಡಬೇಕಿದ್ದದ್ದೂ ಅಷ್ಟೇ. ಅಂದರೆ ಹನ್ನೆರಡು ತಿಂಗಳು ಎತ್ತಿಡದೇ ಇದ್ದುದಕ್ಕೆ ಹದಿಮೂರನೇ ತಿಂಗಳಿನದೂ ಕಟ್ಟಿದೆವು.

ಕಂತಿನ ಸಾಲದಲ್ಲಿ ಇನ್ನೊಂದು ಮಸಲತ್ತಿದೆ, ಅದನ್ನು ನಿಧಾನವಾಗಿ ನೋಡಬೇಕು. ‘ವರ್ಷಕ್ಕೆ 12 ಪರ್ಸೆಂಟ್, ಫ್ಲಾಟ್’ ಅನ್ನುತ್ತಾರೆ. 12,000 ಸಾಲ, ಹನ್ನೆರಡು ಕಂತು, ತಿಂಗಳಿಗೆ ಅಸಲು 1,000, ಬಡ್ಡಿ 120. ಮೊದಲ ತಿಂಗಳು ನಿಮ್ಮ ಕೈಯಲ್ಲಿ 12,000 ಇದೆ, 120 ಬಡ್ಡಿ ನ್ಯಾಯ. ಆದರೆ ಏಳನೇ ತಿಂಗಳಿಗೆ ಅರ್ಧ ಸಾಲ ತೀರಿಸಿರುತ್ತೀರಿ. ನಿಮ್ಮ ಹತ್ತಿರ ಉಳಿದಿರುವ ಅವರ ಹಣ 6,000. ಬಡ್ಡಿ ಮಾತ್ರ ಇನ್ನೂ 12,000ಕ್ಕೇ ಕಟ್ಟುತ್ತಿದ್ದೀರಿ. ಕೊನೆಯ ತಿಂಗಳು 1,000ಕ್ಕೆ 120. ಎಲ್ಲ ಸೇರಿಸಿ ನೋಡಿದರೆ ಆ 12 ನಿಜದಲ್ಲಿ 21ಕ್ಕೂ ಹೆಚ್ಚು. ಅದಕ್ಕೇ ಫ್ಲಾಟ್ ಅಂದ ಕೂಡಲೇ ‘ಉಳಿದ ಅಸಲಿನ ಮೇಲೆ ಎಷ್ಟು ಬೀಳುತ್ತದೆ’ ಅಂತ ಕೇಳಬೇಕು. ಕೇಳಲು ಸಂಕೋಚ ಬೇಡ, ಕಟ್ಟುವವರು ನಾವು.

ಇನ್ನು ಅಡುಗೆಮನೆ. ಇಲ್ಲಿ ಉಳಿತಾಯ ಅಂದರೆ ಕಡಿಮೆ ತಿನ್ನುವುದು ಅಂತ ನಾನು ಒಪ್ಪುವುದಿಲ್ಲ. ಮಕ್ಕಳ ಹಾಲು ಕಡಿಮೆ ಮಾಡಿ ಉಳಿಸಿದ ದುಡ್ಡು ಉಳಿತಾಯವಲ್ಲ. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿದಾಗಲೂ ನಮ್ಮ ಮನೆಯಲ್ಲಿ ಹಾಲಿಗೆ ಕತ್ತರಿ ಹಾಕಲಿಲ್ಲ. ಬೇಕರಿ ಬಿಸ್ಕತ್ತು ನಿಂತಿತು, ರಾಗಿ ಹುರಿಹಿಟ್ಟು ಬಂತು. ಅಡುಗೆಮನೆಯ ಉಳಿತಾಯ ಇರುವುದು ಕಾಲ ನೋಡಿ ಕೊಳ್ಳುವುದರಲ್ಲಿ.

ನಮ್ಮ ಕಡೆ ಇದಕ್ಕೆ ಹೇಳಿಮಾಡಿಸಿದ ಹೊತ್ತು ಸಂಕ್ರಾಂತಿಯಿಂದ ಯುಗಾದಿವರೆಗೆ. ರಾಗಿ ಕಣದಿಂದ ಬಂದಿರುತ್ತದೆ. ಹೊಸ ತೊಗರಿ, ಹೊಸ ಒಣಮೆಣಸಿನಕಾಯಿ, ಹೊಸ ಹುಣಸೆ ಎಲ್ಲ ಒಂದರ ಹಿಂದೆ ಒಂದು ಪೇಟೆಗೆ ಇಳಿಯುತ್ತವೆ. ಬಿಸಿಲೂ ಕೊಡುಗೈಯಾಗಿ ಸುರಿಯುತ್ತಿರುತ್ತದೆ. ಮಳೆಗಾಲದಲ್ಲಿ ಕಾಳು ಒಣಗಿಸುತ್ತೇನೆ ಅಂದರೆ ಹಾಸನದ ಆಕಾಶ ಬಿಡುವುದಿಲ್ಲ.

ಹುಣಸೆಯನ್ನೇ ತೆಗೆದುಕೊಳ್ಳಿ. ಹತ್ತು ಕೆಜಿ ಸಿಪ್ಪೆ ತೆಗೆದ ಹಣ್ಣು ತಂದು, ಅತ್ತೆಯೂ ನಾನೂ ಪಡಸಾಲೆಯಲ್ಲಿ ಗೋಣಿ ಹಾಸಿ ಕೂರುತ್ತೇವೆ. ನಾರು ಎಳೆದು ಬೀಜ ಬಿಡಿಸುವಷ್ಟರಲ್ಲಿ ಉಗುರಿನ ಸಂದಿಯೆಲ್ಲ ಹುಳಿ ಹಿಡಿದು ಚುರುಗುಟ್ಟುತ್ತದೆ. ಎರಡು ಬಿಸಿಲು ಕಾಯಿಸಿ, ಕಲ್ಲುಪ್ಪು ಸೇರಿಸಿ ಉಂಡೆ ಕಟ್ಟಿ, ಪಿಂಗಾಣಿ ಭರಣಿಗೆ ಒತ್ತಿ ತುಂಬುತ್ತೇವೆ. ಒತ್ತುವುದು ಮುಖ್ಯ. ನಡುವೆ ಗಾಳಿ ಉಳಿದರೆ ಬೂಸ್ಟು ಹಿಡಿಯುತ್ತದೆ. ತೊಗರಿಬೇಳೆಗೆ ಅಂಗೈಗೆ ಚೂರೇ ಚೂರು ಹರಳೆಣ್ಣೆ ಸವರಿಕೊಂಡು ಬೇಳೆಯನ್ನೆಲ್ಲ ಉಜ್ಜಿ, ಒಂದು ಬಿಸಿಲು ತೋರಿಸಿ ಡಬ್ಬಕ್ಕೆ ಹಾಕಿದರೆ ಹುಳ ಹತ್ತಿರ ಸುಳಿಯದು. ರಾಗಿಗೆ ಇಷ್ಟು ಉಪಚಾರವೂ ಬೇಡ. ಕಾಳು ಸಣ್ಣದು, ಗಟ್ಟಿ. ಚೆನ್ನಾಗಿ ಒಣಗಿಸಿದರೆ ಸಾಕು. ಹಿಂದಿನವರು ನೆಲದೊಳಗೆ ಹಗೇವು ತೋಡಿ ವರ್ಷಗಟ್ಟಲೆ ಇಡುತ್ತಿದ್ದರು, ಬರಗಾಲ ಬಂದರೆ ಅದೇ ಊರಿಗೆ ಅನ್ನ. ಸಣ್ಣ ಬಾಡಿಗೆ ಮನೆಯಲ್ಲಿ ಹಗೇವು ಎಲ್ಲಿ ತೋಡುವುದು! ಎರಡು ತಗಡಿನ ಡಬ್ಬ ನಮ್ಮ ಹಗೇವು.

ತರಕಾರಿಯದೂ ಇದೇ ದಾರಿ. ಅವರೆಕಾಯಿ ಕಾಲದಲ್ಲಿ ಮನೆಯಲ್ಲಿ ದಿನ ಬಿಟ್ಟು ದಿನ ಅವರೆಕಾಳು ಸಾರು, ಹಿತಕಿದ ಬೇಳೆ. ಮುಂಗಾರಿನ ಆಲೂಗೆಡ್ಡೆ ಕಿತ್ತು ಬಂದಾಗ ಮೂಟೆ ಅಗ್ಗ, ನಾವು ಮೂರು ಮನೆಯವರು ಸೇರಿ ಹಂಚಿಕೊಳ್ಳುತ್ತೇವೆ. ತರಕಾರಿ ತುಟ್ಟಿಯಾದ ವಾರ ಹುರುಳಿಕಾಳಿನ ಬಸ್ಸಾರು, ಉಪ್ಸಾರು, ಮಸ್ಸೊಪ್ಪು. ಇವು ಬಡವರ ಅಡುಗೆ ಅನ್ನುವ ಮಾತು ನನಗೆ ಹಿಡಿಸುವುದಿಲ್ಲ. ಬಸ್ಸಾರಿನಲ್ಲಿ ಒಂದೇ ಬೇಯಿಸುವಿಕೆಯಲ್ಲಿ ಸಾರೂ ಆಯಿತು, ಪಲ್ಯವೂ ಆಯಿತು. ಕಾಳು ರಾತ್ರಿಯೇ ನೆನೆದಿದ್ದರೆ ಕುಕ್ಕರಿನ ಕೂಗೂ ಅರ್ಧ. ಅಷ್ಟು ಲೆಕ್ಕಾಚಾರದ ಅಡುಗೆಯನ್ನು ಕಂಡುಹಿಡಿದ ಹೆಂಗಸರಿಗೆ ನಾನು ಕೈಮುಗಿಯುತ್ತೇನೆ.

ಆದರೆ ಒಂದು ಎಚ್ಚರ. ವರ್ಷದ ದಿನಸಿಯನ್ನು ಸಾಲದ ದುಡ್ಡಿನಲ್ಲಿ ಕೊಳ್ಳಬೇಡಿ. ಯಾಕೆ ಅಂತ ಹೇಳುತ್ತೇನೆ. ಸೀಸನ್ನಿನಲ್ಲಿ 100 ರೂಪಾಯಿಯ ಸಾಮಾನು 80ಕ್ಕೆ ಸಿಕ್ಕಿತು, ಹತ್ತು ತಿಂಗಳು ಬಳಸುತ್ತೀರಿ ಅನ್ನೋಣ. ಸರಾಸರಿ ಐದು ತಿಂಗಳು ನಿಮ್ಮ ದುಡ್ಡು ಡಬ್ಬದೊಳಗೆ ಕೂತಿರುತ್ತದೆ. ಆ ದುಡ್ಡು ನೂರಕ್ಕೆ ಎರಡರಂತೆ ತಂದದ್ದಾದರೆ 80ಕ್ಕೆ ಐದು ತಿಂಗಳ ಬಡ್ಡಿ 8 ರೂಪಾಯಿ. ಉಳಿದ ಲಾಭ 12. ಅದರಲ್ಲಿ ಹುಳ, ಬೂಸ್ಟು, ‘ಇದೆಯಲ್ಲ’ ಅಂತ ಧಾರಾಳವಾಗಿ ಸುರಿದದ್ದು ಕಳೆದರೆ ಏನೂ ಉಳಿಯುವುದಿಲ್ಲ. ನಿಮ್ಮದೇ ದುಡ್ಡಾದರೆ 20ಕ್ಕೆ 20. ಅದಕ್ಕೇ ಹುಣಸೆ ಬೇಳೆಯ ಕಾಲಕ್ಕೂ ಎರಡನೇ ಖಾತೆಯಿಂದಲೇ ತೆಗೆದು, ಮುಂದಿನ ತಿಂಗಳುಗಳ ದಿನಸಿ ದುಡ್ಡಿನಲ್ಲಿ ಮತ್ತೆ ತುಂಬಿಸುತ್ತೇನೆ.

ಕರೆಂಟಿನ ಬಗ್ಗೆ ಎರಡೇ ಮಾತು. ಗೃಹಜ್ಯೋತಿ ಇರುವವರಿಗೆ ಹಳೆಯ ಸರಾಸರಿಯ ಮೇಲೆ ಒಂದಿಷ್ಟು ಸೇರಿಸಿ ಉಚಿತ ಯೂನಿಟ್ ಗೊತ್ತುಮಾಡಿರುತ್ತಾರೆ. ಅದನ್ನು ಮೀರಿದ್ದಕ್ಕೆ ಮಾತ್ರ ದುಡ್ಡು. ಆದರೆ ಒಟ್ಟು 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ಡಿಸೆಂಬರಿನ ಚಳಿಯಲ್ಲಿ ಹಾಸನದ ಮನೆಗಳಲ್ಲಿ ಮೀಟರ್ ಓಡಿಸುವುದು ಗೀಸರ್. 2,000 ವ್ಯಾಟಿನದು ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ತೆಂಗಿನ ಮಟ್ಟೆ, ಕರಟ ಸಿಗುವ ಮನೆಗಳಲ್ಲಿ ಬಚ್ಚಲ ಹಂಡೆಯನ್ನು ಇನ್ನೂ ಬಿಡದಿರುವುದಕ್ಕೆ ಕಾರಣವಿದೆ.

ಇಲ್ಲಿವರೆಗೆ ಹೇಳಿದ್ದೆಲ್ಲ ಸಂಬಳ ಬರುತ್ತಲೇ ಇರುತ್ತದೆ ಅನ್ನುವ ನಂಬಿಕೆಯ ಮೇಲೆ ನಿಂತದ್ದು. ಒಂಟಿ ಕಂಬದ ಮನೆಯಲ್ಲಿ ಆ ಕಂಬದ ಬಗ್ಗೆ ಯೋಚಿಸದೆ ಹುಣಸೆ ಕೂಡಿಟ್ಟು ಪ್ರಯೋಜನವಿಲ್ಲ. ಬ್ಯಾಂಕ್ ಖಾತೆ ಇದ್ದವರಿಗೆ ಪ್ರಧಾನಮಂತ್ರಿ ಜೀವನ್ ಜ್ಯೋತಿ ವರ್ಷಕ್ಕೆ 436 ರೂಪಾಯಿ, ಸುರಕ್ಷಾ ವಿಮೆ 20 ರೂಪಾಯಿ. ಮೊದಲನೆಯದು ಯಾವುದೇ ಕಾರಣದ ಸಾವಿಗೆ, ಎರಡನೆಯದು ಅಪಘಾತಕ್ಕೆ, ಎರಡರಲ್ಲೂ 2 ಲಕ್ಷ. ಮೊದಲನೆಯದಕ್ಕೆ ಸೇರುವ ವಯಸ್ಸು 18ರಿಂದ 50, ಎರಡನೆಯದಕ್ಕೆ 18ರಿಂದ 70. ವಿಮೆಯ ವರ್ಷ ಜೂನ್ 1ರಿಂದ ಮೇ 31. ಮೇ ಕೊನೆಯಲ್ಲಿ ಖಾತೆಯಲ್ಲಿ 456 ರೂಪಾಯಿ ಇಲ್ಲದೆ ಹೋದರೆ ನವೀಕರಣ ತಪ್ಪುತ್ತದೆ. ಶಾಲೆಯ ಗಲಾಟೆಯಲ್ಲಿ ಖಾತೆ ಬರಿದಾಗುವುದೂ ಅದೇ ವಾರವೇ, ನೋಡಿ. 2 ಲಕ್ಷ ಒಂದು ಸಂಸಾರಕ್ಕೆ ಎಲ್ಲಿಯೂ ಸಾಲದು, ಆಗುವವರು ದೊಡ್ಡ ಮೊತ್ತದ ಟರ್ಮ್ ವಿಮೆ (ಗೊತ್ತುಮಾಡಿದ ಅವಧಿಯೊಳಗೆ ಸಾವು ಬಂದರೆ ಮಾತ್ರ ಹಣ ಕೊಡುವಂಥದ್ದು) ಮಾಡಿಸಲೇಬೇಕು. ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಕಾರ್ಡನ್ನು ಕಾಯಿಲೆ ಬರುವ ಮುಂಚೆಯೇ ಮಾಡಿಸಿಟ್ಟುಕೊಳ್ಳಿ.

ವಿಮೆ ದುಡಿಯುವವರ ಹೆಸರಲ್ಲಿ ಮಾತ್ರ ಇದ್ದರೆ ಸಾಲದು. ಮನೆಯಲ್ಲಿರುವವಳು ಹದಿನೈದು ದಿನ ಹಾಸಿಗೆ ಹಿಡಿದರೆ ಏನಾಗುತ್ತದೆ ಅಂತ ನೋಡಿದವರಿಗೆ ಗೊತ್ತು. ಹೋಟೆಲ್ ಊಟ, ಮಕ್ಕಳಿಗೆ ಆಟೋ, ಬಟ್ಟೆ ಒಗೆಯಲು ಒಬ್ಬರು, ರಜೆ ಹಾಕಿದ ಗಂಡನ ಸಂಬಳದಲ್ಲಿ ಕಡಿತ. 2024ರ ದೇಶದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88. ಗೃಹಿಣಿಯ ದುಡಿಮೆಗೆ ಪರಿಹಾರದ ಲೆಕ್ಕದಲ್ಲಿ ಬೆಲೆ ಕಟ್ಟಲೇಬೇಕು ಅಂತ ಸುಪ್ರೀಂ ಕೋರ್ಟ್ 2021ರ ಜನವರಿಯ ತೀರ್ಪಿನಲ್ಲಿ ಹೇಳಿತು. ‘ಒಂದೇ ದುಡಿಮೆಯ ಮನೆ’ ಅಂತ ನಾನೂ ಬರೆಯುತ್ತಿದ್ದೇನೆ, ಮಾತಿಗೆ. ನಿಜವಾಗಿ ಅದು ಒಂದೇ ಸಂಬಳದ ಮನೆ, ದುಡಿಮೆ ಎರಡು.

ಆಪತ್ತಿಗೆ ಕೈಯಲ್ಲಿ ಎಷ್ಟಿರಬೇಕು? ಮೂರು ತಿಂಗಳ ಬಾಡಿಗೆ, ದಿನಸಿ, ಹಾಲು, ಗ್ಯಾಸು, ಕರೆಂಟು. ಮೇಲಿನ ಮನೆಗೆ ಅದು 51,600. ತಿಂಗಳಿಗೆ 1,500ರಂತೆ ಕೂಡಿಸಲು ಹತ್ತಿರ ಹತ್ತಿರ ಮೂರು ವರ್ಷ. ದೂರ ಅನ್ನಿಸುತ್ತದೆ. ಆದರೆ ಮೊದಲ 10,000 ಆದ ದಿನದಿಂದಲೇ ನಿದ್ದೆ ಬೇರೆ ಥರ ಬರುತ್ತದೆ, ಅದು ನನ್ನ ಅನುಭವ.

ಮನೆಯಲ್ಲಿದ್ದೇ ಏನಾದರೂ ಸಂಪಾದಿಸಬಾರದೇ ಅನ್ನುವ ಪ್ರಶ್ನೆ ಎಲ್ಲರಿಗೂ ಬರುತ್ತದೆ. ಬರಲಿ, ಆದರೆ ಮಿಷನ್ನು ಕೊಳ್ಳುವ ಮುಂಚೆ ಲೆಕ್ಕ ಬರಲಿ. ನಾನು ಹೊಲಿಗೆ ಯಂತ್ರ 8,000ಕ್ಕೆ ತಂದೆ. ನಮ್ಮ ಬೀದಿಯಲ್ಲಿ ಸೀರೆಗೆ ಫಾಲ್ ಹಾಕಿ ಜಿಗ್‌ಜಾಗ್ ಮಾಡಿಸಿದರೆ 100 ಕೊಡುತ್ತಾರೆ. ಫಾಲು, ದಾರ, ಹೊರಗೆ ಜಿಗ್‌ಜಾಗ್ ಮಾಡಿಸುವುದು ಎಲ್ಲ ಕಳೆದು ನನಗೆ ಉಳಿಯುವುದು 40. ಯಂತ್ರದ ದುಡ್ಡು ಹುಟ್ಟಲು 200 ಸೀರೆ. ವಾರಕ್ಕೆ ನಾಲ್ಕು ಬಂದರೆ 50 ವಾರ. ಒಂದು ವರ್ಷದೊಳಗೆ ಅಸಲು ಹುಟ್ಟಿದರೆ ಮಾಡಬಹುದು, ಮೂರು ವರ್ಷ ಬೇಕಾದರೆ ಬೇಡ ಅನ್ನುವುದು ನಾನು ಹಾಕಿಕೊಂಡ ಗೆರೆ. ಮಕ್ಕಳ ಯೂನಿಫಾರ್ಮ್ ಹೆಮ್ ಬಿಚ್ಚಿ ಉದ್ದ ಮಾಡಿದ್ದು, ದಿಂಬಿನ ಕವರು ಹೊಲಿದದ್ದು ಈ ಲೆಕ್ಕದ ಮೇಲಿನ ಲಾಭ.

ಹೊರಗೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವುದಾದರೂ ಇದೇ ರೀತಿ ಕಳೆದು ನೋಡಬೇಕು. ಸಂಬಳದಲ್ಲಿ ಮಗುವನ್ನು ನೋಡಿಕೊಳ್ಳುವ ಖರ್ಚು, ಮಧ್ಯಾಹ್ನದ ತಿಂಡಿ, ಮನೆಯಲ್ಲಿ ಮಾಡುತ್ತಿದ್ದು ಇನ್ನು ಕೊಳ್ಳಬೇಕಾದದ್ದು ಎಲ್ಲ ಕಳೆದು ಎಷ್ಟು ಉಳಿಯುತ್ತದೆ ಅಂತ. ಸರ್ಕಾರಿ ಸಾಮಾನ್ಯ ಬಸ್ಸಿನ ಚಾರ್ಜು 2023ರ ಜೂನ್‌ನಿಂದ ಹೆಂಗಸರಿಗೆ ಇಲ್ಲ, ಅದೊಂದು ಈ ಲೆಕ್ಕದಲ್ಲಿ ಹಗುರವಾಗಿದೆ.

ವರ್ಷದ ನಡುವೆ ಇದನ್ನೆಲ್ಲ ಶುರುಮಾಡುವುದು ಹೇಗೆ? ನವೆಂಬರಿನಲ್ಲಿ ಶುರುಮಾಡಿದರೆ ಜೂನ್‌ಗೆ ಏಳೇ ತಿಂಗಳು. 43,000ಕ್ಕೆ ತಿಂಗಳಿಗೆ 6,000 ಮೀರುತ್ತದೆ, ಆಗುವುದಿಲ್ಲ. ಆಗ 3,600 ಮಾತ್ರ ಹಾಕಿ. ಜೂನ್‌ಗೆ 25,200 ಇರುತ್ತದೆ. ಸಾಲ 43,000ದ ಬದಲು 17,800. ಎರಡನೇ ವರ್ಷಕ್ಕೆ ಹೊಸ ಸಾಲ ಸೊನ್ನೆ.

ಪಟ್ಟಿ ಮಾಡಲು ನೆನಪನ್ನು ನಂಬಬೇಡಿ. ಒಂದು ಭಾನುವಾರ ಮಧ್ಯಾಹ್ನ ಇಬ್ಬರೂ ಕೂತು ಫೋನಿನಲ್ಲಿ ಹಿಂದಿನ ಹನ್ನೆರಡು ತಿಂಗಳ ಯುಪಿಐ ಪಟ್ಟಿ ತೆಗೆಯಿರಿ. 1,000 ಮೀರಿದ್ದನ್ನೆಲ್ಲ ಒಂದು ಹಾಳೆಗೆ ಇಳಿಸಿ. ನಾವು ಹಾಗೆ ಇಳಿಸಿದಾಗ ಬಾಡಿಗೆ, ದಿನಸಿ ಬಿಟ್ಟು ಹದಿನೇಳು ಸಿಕ್ಕವು. ಪ್ರತಿಯೊಂದೂ ಬಂದಾಗ ‘ಅಯ್ಯೋ, ಎಲ್ಲಿತ್ತು ಇದು’ ಅಂದುಕೊಂಡಿದ್ದೆವು. ಬೈಕಿನ ಟೈರು, ಅಣ್ಣನ ಮಗಳ ನಾಮಕರಣ, ಅಜ್ಜಿಯ ಕನ್ನಡಕ, ಶಾಲೆಯ ಟೂರು, ನೀರಿನ ಫಿಲ್ಟರು. ಯಜಮಾನರು ಪೆನ್ಸಿಲ್ ಹಿಡಿದು, ಹಿಂದಿನ ವರ್ಷವೂ ಬಂದಿತ್ತು ಅನ್ನುವುದಕ್ಕೆಲ್ಲ ಒಂದೊಂದು ಚುಕ್ಕೆ ಇಡುತ್ತಾ ಹೋದರು. ಚುಕ್ಕೆ ಬೀಳದೆ ಉಳಿದದ್ದು ಎರಡೇ.